ತಾಲ್ಲೂಕು ಕೇಂದ್ರದ ಚಿತ್ರಮಂದಿರಕ್ಕೆ ಡಿಜಿಟಲ್ ಪ್ರೊಜೆಕ್ಟರ್: ಕೊಳ್ಳುವುದೋ, ಬಾಡಿಗೆಗೆ ಪಡೆಯುವುದೋ?

ಕಳೆದ ಬೇಸಿಗೆಯಲ್ಲಿ ನನ್ನ ಕಕ್ಷಿದಾರರೊಬ್ಬರು ಎರಡು ಕಾಗದಗಳನ್ನು ಹಿಡಿದು ಕಚೇರಿಗೆ ಬಂದರು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರರ ಪೈಕಿ ಒಂದು ಊರಿನಲ್ಲಿ ಅವರ ಒಂಟಿ ಪರದೆಯ ಚಿತ್ರಮಂದಿರವಿದೆ. ಯಾವ ಊರೆಂಬುದು ಈ ಲೇಖನಕ್ಕೆ ಅನಗತ್ಯ. ಒಂದು ಕಾಗದವು ಹೊಸ ಲೇಸರ್ ಪ್ರೊಜೆಕ್ಟರಿನ ದರಪಟ್ಟಿ. ಇನ್ನೊಂದು, ಅಂತಹದೇ ಯಂತ್ರವನ್ನು ಬಾಡಿಗೆಗೆ ಕೊಡುವ ಸಂಸ್ಥೆಯ ಕರಾರುಪತ್ರದ ಕರಡು. ಹತ್ತು ವರ್ಷಗಳಿಂದ ಬಾಡಿಗೆಯ ಮೇಲಿದ್ದ ಹಳೆಯ ಯಂತ್ರಕ್ಕೆ ಬಿಡಿಭಾಗಗಳು ಸಿಗುವುದು ದುಸ್ತರವಾಗಿತ್ತು. "ಯಾವುದು ಸೋವಿ ಆಗ್ತದ ನೋಡಿ ಹೇಳ್ರಿ ಸಾಹೇಬ್ರ" ಎಂದರು.

ಈ ಪ್ರಶ್ನೆಗೆ ಬೆಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ಉತ್ತರ ಹೇಳಲು ಬರುವುದಿಲ್ಲ. ಯಂತ್ರವು ತಾನಾಗಿ ಒಂದು ಪೈಸೆಯನ್ನೂ ಗಳಿಸುವುದಿಲ್ಲ. ಗಳಿಸುವುದು ತುಂಬಿದ ಕುರ್ಚಿ. ಆದುದರಿಂದ ಎಲ್ಲ ವೆಚ್ಚವನ್ನೂ "ಪ್ರದರ್ಶನವೊಂದಕ್ಕೆ ಎಷ್ಟು ಟಿಕೆಟು" ಎಂಬ ಒಂದೇ ಅಳತೆಗೆ ಇಳಿಸಬೇಕು. ಆ ಲೆಕ್ಕವನ್ನು ಓದುಗರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ. ಚಿತ್ರಮಂದಿರದ ಉದಾಹರಣೆಯಾದರೂ, ದಾಲ್ ಮಿಲ್ಲಿಗೆ ಬಣ್ಣ ವಿಂಗಡಿಸುವ ಯಂತ್ರ ತರಿಸುವವರಿಗೂ ಇದೇ ಕ್ರಮ ಅನ್ವಯವಾಗುತ್ತದೆ.

ಡಿಜಿಟಲ್ ಕೊಟ್ಟದ್ದೇನು, ಕಸಿದದ್ದೇನು

ನಾನು ಬಿ.ಕಾಂ. ಓದುತ್ತಿದ್ದ ದಿನಗಳಲ್ಲಿ ಹೊಸ ಚಿತ್ರವು ತಾಲ್ಲೂಕು ಕೇಂದ್ರಕ್ಕೆ ಬರುವ ಹೊತ್ತಿಗೆ ಅದರ ಹಾಡುಗಳು ಹಳತಾಗಿರುತ್ತಿದ್ದವು. ಕಾರಣ ಸರಳ. 35 ಮಿ.ಮೀ. ಫಿಲ್ಮು ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ ಬೇಕು. ಪ್ರತಿಯೊಂದು ಪ್ರಿಂಟೂ ದುಬಾರಿಯಾದುದರಿಂದ ನಿರ್ಮಾಪಕರು ಎಣಿಸಿ ತೆಗೆಸುತ್ತಿದ್ದರು. ಅವು ಬೆಂಗಳೂರು, ಹುಬ್ಬಳ್ಳಿ, ಗುಲಬರ್ಗಾ ಮುಗಿಸಿ ಗೀರುಬಿದ್ದ ಸ್ಥಿತಿಯಲ್ಲಿ ನಮ್ಮತ್ತ ಬರುತ್ತಿದ್ದವು. ಕನ್ನಡ ಚಿತ್ರಕ್ಕೆ ಗಾಂಧಿನಗರದ ಕಡೆಗೆ ನೋಡಬೇಕು. ಹಿಂದಿ ಚಿತ್ರದ ವ್ಯಾಪಾರದಲ್ಲಿ ಗುಲಬರ್ಗಾ, ಬೀದರ್, ರಾಯಚೂರುಗಳು ಹಳೆಯ ರೂಢಿಯಂತೆ "ನಿಜಾಮ್" ವಲಯಕ್ಕೆ ಸೇರಿದುದರಿಂದ ಹೈದರಾಬಾದಿನ ಕಡೆಗೆ ನೋಡಬೇಕು. ರಾಜ್ಯ ಪುನರ್ವಿಂಗಡಣೆಯಾಗಿ ಎಷ್ಟು ದಶಕಗಳಾದರೂ ಚಿತ್ರ ಹಂಚಿಕೆಯ ನಕಾಶೆಯಲ್ಲಿ ನಿಜಾಮರ ಆಳ್ವಿಕೆ ಮುಗಿದಿರಲಿಲ್ಲ!

2005ರ ಸುಮಾರಿಗೆ ಯು.ಎಫ್.ಓ. ಸಂಸ್ಥೆಯು ಉಪಗ್ರಹದ ಮೂಲಕ ಚಿತ್ರಗಳನ್ನು ಕಳುಹಿಸತೊಡಗಿತು. ಚೆನ್ನೈನ ಕ್ಯೂಬ್ ಸಂಸ್ಥೆಯ ಸರ್ವರುಗಳೂ ಬಂದವು. ಮುಂದಿನ ಒಂದು ದಶಕದೊಳಗೆ ಪ್ರಿಂಟು ಎಂಬುದೇ ಮಾಯವಾಯಿತು. ಫ್ಯೂಜಿ ಕಂಪನಿಯು 2013ರಲ್ಲಿ ಚಿತ್ರಪ್ರದರ್ಶನದ ಫಿಲ್ಮು ತಯಾರಿಕೆಯನ್ನು ನಿಲ್ಲಿಸಿತು. ಅಮೆರಿಕೆಯಲ್ಲಿ ಪ್ಯಾರಾಮೌಂಟ್ ಸಂಸ್ಥೆಯು 2014ರ ಆರಂಭಕ್ಕೆ ಪ್ರಿಂಟು ಹಂಚುವುದನ್ನು ಕೈಬಿಟ್ಟಿತು.

ಇದರಿಂದ ನಮ್ಮ ಊರುಗಳಿಗೆ ದೊರೆತದ್ದು ಮೊದಲ ದಿನ. ಬೆಂಗಳೂರಿನಲ್ಲಿ ಬಿಡುಗಡೆಯಾದ ಶುಕ್ರವಾರವೇ ಜೇವರ್ಗಿಯಲ್ಲಿಯೂ ಪರದೆ ಏಳಬಹುದು. ಜನರ ಬಾಯಿಮಾತಿನಿಂದ ಚಿತ್ರವೊಂದು ಎದ್ದರೆ ಪ್ರಿಂಟಿಗಾಗಿ ಕಾಯದೆ ಎರಡನೆಯ ವಾರದಲ್ಲಿಯೇ ಹಾಕಿಕೊಳ್ಳಬಹುದು. 2022ರ ಸೆಪ್ಟೆಂಬರ್ 30ರಂದು ತೆರೆಕಂಡ "ಕಾಂತಾರ" ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ. ಬೆಳಿಗ್ಗೆ ತೆಲುಗು, ಮಧ್ಯಾಹ್ನ ಕನ್ನಡ, ರಾತ್ರಿ ಹಿಂದಿ ಎಂದು ಒಂದೇ ದಿನದಲ್ಲಿ ಚಿತ್ರ ಬದಲಿಸಬಹುದು. ನಾಲ್ಕು ಭಾಷೆ ನಡೆಯುವ ಆಳಂದದಂತಹ ಗಡಿ ತಾಲ್ಲೂಕಿಗೆ ಇದು ಸಣ್ಣ ಲಾಭವಲ್ಲ.

ಕಸಿದದ್ದು ಯಂತ್ರದ ಆಯುಷ್ಯವನ್ನು. ಹಳೆಯ ಫಿಲ್ಮ್ ಪ್ರೊಜೆಕ್ಟರು ಎಣ್ಣೆ ಬಿಟ್ಟು ಒರೆಸಿಕೊಂಡಿದ್ದರೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಡಿಜಿಟಲ್ ಯಂತ್ರವು ಗಣಕಯಂತ್ರದ ಜಾತಿಯದು. ಅದಕ್ಕೆ ಮುಪ್ಪು ಬೇಗ. ಈ ಮುಪ್ಪಿನ ಹಣವನ್ನು ಕೂಡಿಡದವರು ಹತ್ತನೆಯ ವರ್ಷಕ್ಕೆ ಮತ್ತೆ ಸಾಲದ ಬಾಗಿಲಿಗೆ ಹೋಗಬೇಕಾಗುತ್ತದೆ.

ಒಂದು ಟಿಕೆಟಿನಿಂದ ಉಳಿಯುವುದೆಷ್ಟು

ಇಲ್ಲಿಂದ ಮುಂದೆ ಹೇಳುವ ಮೊತ್ತಗಳು ಲೆಕ್ಕ ತಿಳಿಸಲು ಹಿಡಿದವು; ಓದುಗರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು. ತೆರಿಗೆಯ ದರಗಳು ಮಾತ್ರ ವಾಸ್ತವವಾದವು.

ತೆರಿಗೆ ಸೇರಿ ರೂ. 80ರ ಟಿಕೆಟನ್ನು ತೆಗೆದುಕೊಳ್ಳೋಣ. ಜಿ.ಎಸ್.ಟಿ. ಬಂದ 2017ರ ಜುಲೈಯಲ್ಲಿ ರೂ. 100ರವರೆಗಿನ ಟಿಕೆಟಿಗೆ ಶೇ. 18 ಇತ್ತು, 2019ರ ಜನವರಿಯಿಂದ ಶೇ. 12 ಆಯಿತು, 2025ರ ಸೆಪ್ಟೆಂಬರ್ 22ರಿಂದ ಶೇ. 5. ರೂ. 100 ಮೀರಿದ ಟಿಕೆಟಿಗೆ ಶೇ. 18 ಉಳಿದಿದೆ. ಅಂದರೆ ರೂ. 80ರಲ್ಲಿ ತೆರಿಗೆ ರೂ. 3.81, ನಿವ್ವಳ ರೂ. 76.19. ವಿತರಕರೊಡನೆ ಅರ್ಧರ್ಧ ಪಾಲೆಂದು ಹಿಡಿದರೆ ತಲಾ ರೂ. 38.10.

ತೆರಿಗೆ ಇಳಿದುದಕ್ಕೆ ಸಂತೋಷಪಟ್ಟವರು ಇಲ್ಲಿ ಸ್ವಲ್ಪ ನಿಲ್ಲಬೇಕು. ವಿತರಕರ ಪಾಲಿನ ಮೇಲಿನ ತೆರಿಗೆ 2021ರ ಅಕ್ಟೋಬರಿನಿಂದ ಶೇ. 18. ಪಾಲಿನ ಮೇಲೆ ತೆರಿಗೆ ಪ್ರತ್ಯೇಕವೆಂದು ಒಪ್ಪಂದದಲ್ಲಿದ್ದರೆ ನೀವು ರೂ. 38.10ರ ಜೊತೆಗೆ ರೂ. 6.86 ಕೊಡುತ್ತೀರಿ. ಪ್ರೇಕ್ಷಕರಿಂದ ವಸೂಲಾದುದು ರೂ. 3.81 ಮಾತ್ರ. ಸರ್ಕಾರಕ್ಕೆ ಕಟ್ಟುವುದೇನೂ ಇಲ್ಲ, ಸರಿ; ಆದರೆ ಪ್ರತಿ ಟಿಕೆಟಿಗೆ ರೂ. 3.05ರಂತೆ ಹೂಡುವಳಿ ತೆರಿಗೆಯ ಜಮೆ ನಿಮ್ಮ ಖಾತೆಯಲ್ಲಿ ಬೆಳೆಯುತ್ತಲೇ ಹೋಗುತ್ತದೆ. ಹೀಗೆ ಬೆಳೆದ ಜಮೆಯನ್ನು ಮರುಪಾವತಿ ಕೇಳಲು ಸರಕುಗಳ ಮಟ್ಟಿಗೆ ಅವಕಾಶವುಂಟು. ಸೇವೆಗಳ ಮೇಲೆ ಮತ್ತು ಯಂತ್ರೋಪಕರಣಗಳ ಮೇಲೆ ತೆತ್ತ ತೆರಿಗೆಗೆ ಆ ಅವಕಾಶವಿಲ್ಲ. ಸೇವೆಗಳ ವಿಷಯವನ್ನು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ವಿ.ಕೆ.ಸಿ. ಫುಟ್‌ಸ್ಟೆಪ್ಸ್ ಪ್ರಕರಣದಲ್ಲಿ ತೀರ್ಮಾನಿಸಿದೆ. ವಿತರಕರ ಪಾಲು ಸೇವೆ, ಪ್ರೊಜೆಕ್ಟರು ಯಂತ್ರ. ಆದುದರಿಂದ ಈ ಜಮೆಯು ಪುಸ್ತಕದಲ್ಲಿ ಆಸ್ತಿ, ಪೆಟ್ಟಿಗೆಯಲ್ಲಿ ಸೊನ್ನೆ.

ಲೆಕ್ಕ ಕೂಡಿಸಿದರೆ: ರೂ. 80 ಬಂತು, ವಿತರಕರಿಗೆ ರೂ. 44.96 ಹೋಯಿತು, ಕೈಯಲ್ಲಿ ಉಳಿದದ್ದು ರೂ. 35. ನನ್ನ ಕಕ್ಷಿದಾರರು ರೂ. 38 ಎಂದುಕೊಂಡಿದ್ದರು. ಮೂರು ರೂಪಾಯಿ ಸಣ್ಣದೆನಿಸಬಹುದು. ಅವರ ವರ್ಷದ ಟಿಕೆಟುಗಳಿಗೆ ಗುಣಿಸಿದಾಗ ಎರಡು ಲಕ್ಷ ಮೀರಿತು.

ಇದರಿಂದ ಯಂತ್ರದ ಬೆಲೆಯೂ ಬದಲಾಗುತ್ತದೆ. ರೂ. 20 ಲಕ್ಷದ ಯಂತ್ರಕ್ಕೆ ಶೇ. 18ರಂತೆ ರೂ. 3.60 ಲಕ್ಷ ತೆರಿಗೆ. "ತೆರಿಗೆ ಹೇಗೂ ಜಮೆಯಾಗಿ ಬರುತ್ತದಲ್ಲ" ಎಂದು ಮಾರಾಟಗಾರರು ಹೇಳುತ್ತಾರೆ. ಬರುವುದಿಲ್ಲ. ಅಗ್ಗದ ಟಿಕೆಟಿನ ಮಂದಿರಕ್ಕೆ ಆ ಯಂತ್ರದ ಬೆಲೆ ರೂ. 23.60 ಲಕ್ಷವೇ. ಹೀಗಿರುವಾಗ ಯಂತ್ರದ ತೆರಿಗೆಯನ್ನು ಜಮೆಗೆ ಕೇಳದೆ ಯಂತ್ರದ ಬೆಲೆಗೇ ಸೇರಿಸಿ ಆದಾಯ ತೆರಿಗೆಯಲ್ಲಿ ಸವಕಳಿ ಪಡೆಯುವುದು ಮೇಲು. ಜಮೆ ಕೇಳಿದ ಮೊತ್ತಕ್ಕೆ ಸವಕಳಿ ದೊರೆಯದು. ಎರಡರಲ್ಲಿ ಒಂದನ್ನು ಮೊದಲ ತಿಂಗಳಿನಲ್ಲಿಯೇ ನಿಶ್ಚಯಿಸಬೇಕು.

ಸವಕಳಿಯ ದರ ಯಂತ್ರೋಪಕರಣಗಳಿಗೆ ಶೇ. 15. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರರ್ಧ. ರೂ. 23.60 ಲಕ್ಷಕ್ಕೆ ಮೊದಲ ವರ್ಷ ರೂ. 3.54 ಲಕ್ಷವೋ ರೂ. 1.77 ಲಕ್ಷವೋ ಎಂಬುದು ಯಂತ್ರವನ್ನು ಸೆಪ್ಟೆಂಬರಿನೊಳಗೆ ಓಡಿಸಿದಿರೋ ದೀಪಾವಳಿಗೆ ಓಡಿಸಿದಿರೋ ಎಂಬುದನ್ನು ಅವಲಂಬಿಸಿದೆ. ಆದರೆ ಅಂದಾಜು ಆದಾಯದ ಪದ್ಧತಿಯಲ್ಲಿ, ಅಂದರೆ 1961ರ ಕಾಯಿದೆಯಲ್ಲಿ ನಾವು 44ಎಡಿ ಎಂದು ಕರೆಯುತ್ತಿದ್ದ ಕ್ರಮದಲ್ಲಿ, ಲೆಕ್ಕ ಕೊಡುವವರಿಗೆ ಸವಕಳಿ ಪ್ರತ್ಯೇಕವಾಗಿ ಸಿಗುವುದಿಲ್ಲ. ದೊಡ್ಡ ಯಂತ್ರ ಕೊಳ್ಳುವ ವರ್ಷ ಆ ಪದ್ಧತಿಯಲ್ಲಿಯೇ ಇರಬೇಕೆ ಎಂಬುದನ್ನು ಮೊದಲು ನೋಡಿರಿ.

ಯಂತ್ರಕ್ಕೆ ಎಷ್ಟು ಟಿಕೆಟು

ದಿನಕ್ಕೆ 3 ಪ್ರದರ್ಶನ, ತಿಂಗಳಿಗೆ 90. ರೂ. 23.60 ಲಕ್ಷವನ್ನು ಶೇ. 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೀರಿಸುವುದಾದರೆ ಮಾಸಿಕ ಕಂತು ಸುಮಾರು ರೂ. 51,300. ಸ್ವಂತ ಹಣವಾದರೂ ಇದೇ ಲೆಕ್ಕವನ್ನು ಹಿಡಿಯಬೇಕು. ಸ್ವಂತ ಹಣಕ್ಕೆ ಬಡ್ಡಿಯಿಲ್ಲವೆಂಬುದು ವ್ಯಾಪಾರಸ್ಥರ ಹಳೆಯ ಭ್ರಮೆ. ವಾರ್ಷಿಕ ನಿರ್ವಹಣೆ, ಯು.ಪಿ.ಎಸ್. ಬ್ಯಾಟರಿ, ಕ್ಯಾಬಿನ್ನಿನ ಹವಾನಿಯಂತ್ರಣ ಸೇರಿ ರೂ. 16,700 ಎನ್ನೋಣ. ಒಟ್ಟು ರೂ. 68,000. ಇದನ್ನು 90 ಪ್ರದರ್ಶನಗಳಿಗೂ ಟಿಕೆಟೊಂದರ ರೂ. 35ಕ್ಕೂ ಭಾಗಿಸಿದರೆ ಪ್ರದರ್ಶನಕ್ಕೆ 22 ಟಿಕೆಟುಗಳು ಯಂತ್ರವೊಂದಕ್ಕೇ ಹೋಗುತ್ತವೆ. ಮೂರರ ಬದಲು ಎರಡೇ ಪ್ರದರ್ಶನ ನಡೆದರೆ 33.

ಬಾಡಿಗೆಯ ಕರಡಿನಲ್ಲಿ ತಿಂಗಳಿಗೆ ರೂ. 15,000, ತೆರಿಗೆ ಸೇರಿ ರೂ. 17,700. ವಿದ್ಯುತ್ತು, ಹವಾನಿಯಂತ್ರಣಕ್ಕೆ ರೂ. 10,300. ಒಟ್ಟು ರೂ. 28,000, ಅಂದರೆ ಪ್ರದರ್ಶನಕ್ಕೆ 9 ಟಿಕೆಟು.

ಇನ್ನು ಮಂದಿರದ ಉಳಿದ ಖರ್ಚು: ಸಂಬಳ, ವಿದ್ಯುತ್ತು, ಪುರಸಭೆಯ ತೆರಿಗೆ, ಪರವಾನಗಿ ಎಲ್ಲ ಸೇರಿ ರೂ. 1.50 ಲಕ್ಷ. ಇದಕ್ಕೆ 48 ಟಿಕೆಟು. ಕೊಂಡರೆ ಒಟ್ಟು 70 ಟಿಕೆಟು ಮಾರಿದ ಮೇಲೆ ಲಾಭದ ಮಾತು, ಬಾಡಿಗೆಯಾದರೆ 57.

ಅವರ ಮಂದಿರದಲ್ಲಿ ಸರಾಸರಿ ಎಷ್ಟು ಮಾರುತ್ತದೆ? ಕಕ್ಷಿದಾರರು "ನೂರಾ ಇಪ್ಪತ್ತು" ಎಂದರು. ಹಬ್ಬದ ವಾರವನ್ನು ನೆನೆದು ಹೇಳಿದ ಮಾತದು. ಹಿಂದಿನ ವರ್ಷದ ದೈನಂದಿನ ಗಳಿಕೆಯ ಪಟ್ಟಿಗಳನ್ನು ತರಿಸಿ ಕೂಡಿಸಿದಾಗ ಬಂದದ್ದು 64. ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಕೊಂಡರೆ ಐದು ವರ್ಷ ತಿಂಗಳಿಗೆ ರೂ. 16,400 ಕೈಯಿಂದ ಹಾಕಬೇಕು; ಬಾಡಿಗೆಗೆ ಪಡೆದರೆ ರೂ. 23,600 ಉಳಿಯುತ್ತದೆ. ಸಾಲ ತೀರಿದ ಮೇಲೆ ಸ್ವಂತ ಯಂತ್ರದ ಮಂದಿರಕ್ಕೆ 53 ಟಿಕೆಟು ಸಾಕೆಂಬುದು ನಿಜ. ಆದರೆ ಆ ಹೊತ್ತಿಗೆ ಯಂತ್ರಕ್ಕೆ ಉಳಿದ ಆಯುಷ್ಯ ಎರಡು ಮೂರು ವರ್ಷ. ಲೇಸರ್ ದೀಪಕ್ಕೆ ತಯಾರಕರು 20,000 ಗಂಟೆ ಮತ್ತು ಮೇಲ್ಪಟ್ಟು ಹೇಳುತ್ತಾರೆ. ದಿನಕ್ಕೆ ಏಳೂವರೆ ಗಂಟೆ ಓಡಿದರೆ ವರ್ಷಕ್ಕೆ ಸುಮಾರು 2,700, ಏಳು ಎಂಟು ವರ್ಷದಲ್ಲಿ ಬೆಳಕು ಅರ್ಧಕ್ಕೆ ಬರುತ್ತದೆ.

ಎಂಟು ವರ್ಷದ ಎರಡೂ ಬಗೆಯ ವೆಚ್ಚವನ್ನು ಶೇ. 11ರ ದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದಾಗ ಕೊಳ್ಳುವುದು ತಿಂಗಳಿಗೆ ಸುಮಾರು ರೂ. 26,000 ದುಬಾರಿಯಾಯಿತು. ಬಾಡಿಗೆಯಲ್ಲಿ ಬಿಟ್ಟುಕೊಡುವ ಹಕ್ಕುಗಳಿಂದ ಇಷ್ಟು ಹಣ ಹುಟ್ಟುವುದಾದರೆ ಮಾತ್ರ ಕೊಳ್ಳುವುದು ಸರಿ. ಆ ಹಕ್ಕುಗಳಲ್ಲಿ ಮುಖ್ಯವಾದುದು ಪರದೆಯ ಮೇಲಿನ ಜಾಹೀರಾತು. ಇಲ್ಲಿ ಒಂದು ಅನುಕೂಲವಿದೆ: ಜಾಹೀರಾತಿನ ಮೇಲೆ ವಸೂಲು ಮಾಡುವ ಶೇ. 18ನ್ನು, ವಿತರಕರ ಪಾಲಿನಿಂದ ಸತ್ತು ಬಿದ್ದಿರುವ ಜಮೆಯಿಂದಲೇ ತೀರಿಸಬಹುದು. ತಿಂಗಳಿಗೆ ರೂ. 22,000ದ ಜಾಹೀರಾತಿದ್ದರೆ ಕೈಗೆ ಬರುವುದು ರೂ. 25,960. ತಲಾ ರೂ. 2,000 ಕೊಡುವ ಹನ್ನೊಂದು ಅಂಗಡಿಗಳು. ಬೀಜ-ಗೊಬ್ಬರದವರು, ಆಭರಣದವರು, ಟ್ರ್ಯಾಕ್ಟರ್ ಮಾರುವವರು, ಕೋಚಿಂಗ್ ತರಗತಿಯವರು ಊರಲ್ಲಿ ಅಷ್ಟು ಜನ ಇದ್ದಾರೆಯೇ ಎಂದು ಕಕ್ಷಿದಾರರು ಬೆರಳು ಮಡಚಿ ಎಣಿಸಿದರು.

ಕರಾರಿನಲ್ಲಿ ನೋಡಬೇಕಾದುದು

ಬಾಡಿಗೆ ಇಷ್ಟು ಕಡಿಮೆಯಿರುವುದು ಧರ್ಮಕ್ಕಲ್ಲ. ಪ್ರಿಂಟಿನ ಖರ್ಚು ತಪ್ಪಿದುದಕ್ಕೆ ಪ್ರತಿಯಾಗಿ ನಿರ್ಮಾಪಕರಿಂದ ವರ್ಚುವಲ್ ಪ್ರಿಂಟ್ ಫೀ ಎಂಬ ಶುಲ್ಕವನ್ನು ಯಂತ್ರದ ಸಂಸ್ಥೆಗಳು ಪಡೆಯುತ್ತವೆ, ಜಾಹೀರಾತಿನಿಂದಲೂ ಪಡೆಯುತ್ತವೆ. ಹಾಲಿವುಡ್ಡಿನ ಏರ್ಪಾಡಿನಲ್ಲಿ ಯಂತ್ರದ ಹಣ ವಸೂಲಾಗುವವರೆಗೆ ಮಾತ್ರ ಈ ಶುಲ್ಕವಿತ್ತು. ನಮ್ಮಲ್ಲಿ ಅದು ಮುಗಿಯಲಿಲ್ಲವೆಂದೇ ದಕ್ಷಿಣ ಭಾರತದ ನಿರ್ಮಾಪಕರು 2018ರ ಮಾರ್ಚಿನಲ್ಲಿ ಬಿಡುಗಡೆಗಳನ್ನು ನಿಲ್ಲಿಸಿ ಪ್ರತಿಭಟಿಸಿದರು. ನಿಮ್ಮ ಪರದೆಯ ಹೆಸರಿನಲ್ಲಿ ಇನ್ನಿಬ್ಬರಿಂದ ಹಣ ಪಡೆಯುವವರೊಡನೆ ಬಾಡಿಗೆಯ ಚೌಕಾಸಿ ಮಾಡಲು ಸಂಕೋಚಪಡಬೇಕಾಗಿಲ್ಲ.

ನನ್ನ ಕಕ್ಷಿದಾರರ ಹಳೆಯ ಕರಾರಿನಲ್ಲಿ ಜಾಹೀರಾತಿನ ಸಂಪೂರ್ಣ ಹಕ್ಕು ಹತ್ತು ವರ್ಷಕ್ಕೆ ಸಂಸ್ಥೆಯದಾಗಿತ್ತು. ಪಾಲೆಂದು ಆಗೊಮ್ಮೆ ಈಗೊಮ್ಮೆ ಸಣ್ಣ ಮೊತ್ತ ಬರುತ್ತಿತ್ತು. ಅದು ಹೇಗೆ ಬಂತೆಂಬ ತಖ್ತೆ ಒಮ್ಮೆಯೂ ಬರಲಿಲ್ಲ. ಕೇಳುವ ಹಕ್ಕನ್ನು ಕರಾರು ಕೊಟ್ಟಿರಲಿಲ್ಲ. ಸಹಿ ಮಾಡುವಾಗ ಓದಿರಲಿಲ್ಲವೆಂದು ಅವರೇ ಒಪ್ಪಿಕೊಂಡರು. ನನಗೆ ತೋರಿಸಿಯೂ ಇರಲಿಲ್ಲ.

ಎರಡನೆಯದು, ಬೇರೆಯವರಿಂದ ಚಿತ್ರ ಪಡೆಯುವ ಸ್ವಾತಂತ್ರ್ಯ. ಬಾಡಿಗೆ ಯಂತ್ರದಲ್ಲಿ ಬೇರೆ ಸಂಸ್ಥೆ ಸಿದ್ಧಪಡಿಸಿದ ಚಿತ್ರಗಳನ್ನು ಹಾಕಬಾರದೆಂಬ ಷರತ್ತಿನ ವಿಷಯದಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2025ರ ಏಪ್ರಿಲಿನಲ್ಲಿ ಯು.ಎಫ್.ಓ. ಮತ್ತು ಅದರ ಸಹಸಂಸ್ಥೆ ಹಾಗೂ ಕ್ಯೂಬ್‌ಗೆ ಒಟ್ಟು ಸುಮಾರು ರೂ. 2.70 ಕೋಟಿ ದಂಡ ವಿಧಿಸಿ, ಅಂತಹ ನಿರ್ಬಂಧಗಳನ್ನು ಕರಾರುಗಳಿಂದ ಕೈಬಿಡಲು ಆದೇಶಿಸಿತು. ಮೇಲ್ಮನವಿಯ ದಾರಿಯಿದ್ದೇ ಇರುತ್ತದೆ. ಆದರೂ ಹೊಸ ಕರಡಿನಲ್ಲಿ ಇಂತಹ ಷರತ್ತು ಕಂಡರೆ ಈ ಆದೇಶವನ್ನು ಎತ್ತಿ ಹೇಳಲು ನಿಮಗೆ ಬಾಯಿ ಬಂದಂತಾಯಿತು.

ಮಿಕ್ಕ ಷರತ್ತುಗಳು ಎಲ್ಲ ಬಾಡಿಗೆಗಳಿಗೂ ಸಾಮಾನ್ಯ. ಎಷ್ಟು ವರ್ಷ ಬಿಡುವಂತಿಲ್ಲ, ನಡುವೆ ಬಿಟ್ಟರೆ ದಂಡವೆಷ್ಟು, ಯಂತ್ರ ಕೆಟ್ಟರೆ ಎಷ್ಟು ಗಂಟೆಯಲ್ಲಿ ಬದಲಿ, ನಿಂತ ದಿನಗಳ ಬಾಡಿಗೆ ಕಡಿತವಾಗುವುದೇ. ಶುಕ್ರವಾರ ಕೆಟ್ಟ ಯಂತ್ರಕ್ಕೆ ಸೋಮವಾರ ಹೈದರಾಬಾದಿನಿಂದ ತಂತ್ರಜ್ಞ ಬಂದರೆ ಆ ವಾರದ ಗಳಿಕೆ ಮುಗಿದಂತೆಯೇ.

ಕೊಳ್ಳುವವರಿಗೆ ಒಂದು ಎಚ್ಚರಿಕೆ: ಬೇಡದಷ್ಟು ಬೆಳಕನ್ನು ಕೊಳ್ಳಬೇಡಿರಿ. 30 ಅಡಿ ಅಗಲ, 12.5 ಅಡಿ ಎತ್ತರದ ಪರದೆ 375 ಚದರ ಅಡಿ. ಅಂತರರಾಷ್ಟ್ರೀಯ ಮಾನದಂಡ 14 ಫೂಟ್-ಲ್ಯಾಂಬರ್ಟ್. ಸಾಧಾರಣ ಬಿಳಿ ಪರದೆಗೆ 5,250 ಲುಮೆನ್ ಸಾಕು. ಅಗಲ ಚಿತ್ರಕ್ಕೆ ಯಂತ್ರದ ಚಿಪ್ಪಿನ ಶೇ. 80ರಷ್ಟು ಭಾಗವೇ ಉಪಯೋಗವಾಗುವುದರಿಂದ 6,560. ಮುಪ್ಪಿಗೂ ಕ್ಯಾಬಿನ್ನಿನ ಗಾಜಿಗೂ ಸೇರಿಸಿ 10,000. ಕಕ್ಷಿದಾರರ ದರಪಟ್ಟಿಯಲ್ಲಿದ್ದ ಯಂತ್ರ ಇದರ ಎರಡರಷ್ಟಿತ್ತು. ಆ ಹಣದಲ್ಲಿ ಕ್ಯಾಬಿನ್ನಿಗೆ ಒಳ್ಳೆಯ ಹವಾನಿಯಂತ್ರಣವೂ ಧೂಳು ಸೋಸುವ ಜಾಲರಿಯೂ ಬರುತ್ತಿತ್ತು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ, ಎರೆಮಣ್ಣಿನ ಧೂಳಿನಲ್ಲಿ, ಯಂತ್ರ ಕೊಲ್ಲುವವು ಇವೆರಡೇ.

ಪ್ರೇಕ್ಷಕರ ವಿಷಯ

2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಕಲಬುರಗಿಯ ಪರದೆಗೆ ಹೋಗಿಬರಲು ಬಸ್ಸಿನ ಖರ್ಚಿಲ್ಲ. ತಾಲ್ಲೂಕಿನ ಮಂದಿರಕ್ಕೆ ಇದುವರೆಗೆ ಇದ್ದ ದೂರದ ರಕ್ಷಣೆ ಅರ್ಧ ಹೋಯಿತು. ಅವರನ್ನು ಉಳಿಸಿಕೊಳ್ಳಲು ಪರದೆಯ ಹೊಳಪಿಗಿಂತ ಶೌಚಾಲಯದ ಸ್ವಚ್ಛತೆ ಹೆಚ್ಚು ಕೆಲಸ ಮಾಡುತ್ತದೆ. ಅದಕ್ಕೆ ಸಾಲವೂ ಬೇಕಾಗಿಲ್ಲ. ಇನ್ನು ಊರಿನಲ್ಲಿ ಹಣ ಓಡಾಡುವ ಕಾಲ ತೊಗರಿಯದು. ಡಿಸೆಂಬರ್-ಜನವರಿಯಲ್ಲಿ ರಾಶಿಯಾಗಿ ಎ.ಪಿ.ಎಂ.ಸಿ.ಗೆ ಬಂದ ಮೇಲೆ ಯುಗಾದಿಯವರೆಗೆ ಮಂದಿರಕ್ಕೂ ಸುಗ್ಗಿ. ಬ್ಯಾಂಕಿನ ಕಂತು ಹನ್ನೆರಡು ತಿಂಗಳೂ ಒಂದೇ ಸಮನಿರುತ್ತದೆ. ಸಾಲ ಮಾಡುವವರು ಆಷಾಢಕ್ಕೆಂದು ಮೂರು ಕಂತುಗಳಷ್ಟನ್ನು ಪ್ರತ್ಯೇಕವಾಗಿಡಬೇಕು. 2025-26ರ ರಾಜ್ಯ ಬಜೆಟ್ಟಿನಲ್ಲಿ ಚಿತ್ರರಂಗಕ್ಕೆ ಉದ್ಯಮದ ಸ್ಥಾನಮಾನ ಘೋಷಿಸಲಾಯಿತು. ಅದರಿಂದ ಪ್ರದರ್ಶಕರಿಗೆ ಯಾವ ಸವಲತ್ತು ಅನ್ವಯಿಸುತ್ತದೆಂಬುದನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಲಿಖಿತವಾಗಿ ಕೇಳಿರಿ; ಕೈಗೆ ಬರುವವರೆಗೆ ಲೆಕ್ಕದಲ್ಲಿ ಸೇರಿಸಬೇಡಿರಿ.

ನನ್ನ ಕಕ್ಷಿದಾರರು ಕೊಳ್ಳಲಿಲ್ಲ. ಬಾಡಿಗೆ ಸಂಸ್ಥೆಯೊಡನೆ ಎರಡು ತಿಂಗಳು ಪತ್ರವ್ಯವಹಾರ ನಡೆಯಿತು. ಹೊರಗಿನ ದೊಡ್ಡ ಕಂಪನಿಗಳ ಜಾಹೀರಾತು ಸಂಸ್ಥೆಗೆ, ಊರಿನ ಜಾಹೀರಾತು ಮಂದಿರಕ್ಕೆ ಎಂದಾಯಿತು. ಮಾಸಿಕ ತಖ್ತೆ ಕೊಡಲು ಒಪ್ಪಿದರು. ಅದಕ್ಕೆ ಪ್ರತಿಯಾಗಿ ಬಾಡಿಗೆ ರೂ. 3,500 ಏರಿತು, ಪ್ರದರ್ಶನಕ್ಕೆ 57 ಇದ್ದದ್ದು 58 ಟಿಕೆಟಾಯಿತು. ಎರಡು ವರ್ಷ ಬಿಡುವಂತಿಲ್ಲವೆಂಬ ಷರತ್ತನ್ನು ತೆಗೆಸಲು ಆಗಲಿಲ್ಲ. ಹನ್ನೊಂದು ಜಾಹೀರಾತುಗಳಲ್ಲಿ ಈವರೆಗೆ ಏಳು ಸಿಕ್ಕಿವೆ, ಮೂರು ಬೀಜ-ಗೊಬ್ಬರದ ಅಂಗಡಿಯವು.